ಭಾಂಡುಪ್‌ನ ಗೋಡೆಯ ಮೇಲೊಂದು ಅಂಗಿ

ಕಾಂದಿವಲಿ

ಆ ದಿನವೂ ಐದೂವರೆಗೇ ನಲ್ಲಿಯಲ್ಲಿ ನೀರು ಬಂತು. ಬಕೆಟ್ ತುಂಬುವ ಸದ್ದಿಗೆ ಎದ್ದು, ಬಾಗಿಲ ಹಿಡಿಗೆ ತೂಗುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದು ಕಾಯಿಸಲಿಟ್ಟೆ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಸುರೇಶ್ ಅವರ ಡಬ್ಬಕ್ಕೆ ಚಪಾತಿಯೂ ತೊಂಡೆಕಾಯಿ ಪಲ್ಯವೂ ತಯಾರಾದವು. ಎಂದಿನಂತೆ ಅವರು ಒಂದು ಸಾಕ್ಸ್ ಹುಡುಕಿದರು, ಎಂದಿನಂತೆ ಅದು ಇನ್ನೊಂದರ ಒಳಗೇ ಇತ್ತು.

ಬೇರೆಯಾಗಿದ್ದದ್ದು ಒಂದೇ. ಅತ್ತೆ ಆರು ಗಂಟೆಗೇ ಹಸಿರು ರೇಷ್ಮೆ ಸೀರೆ ಉಟ್ಟು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಸೋಫಾದ ತುದಿಯಲ್ಲಿ ಕುಳಿತಿದ್ದರು. ರೈಲು ಸೋಫಾದ ಎದುರಿಗೇ ಬಂದು ನಿಲ್ಲುತ್ತದೆ ಎನ್ನುವ ಹಾಗೆ.

ಓದುಗರಲ್ಲಿ ಕೆಲವರು ದುಬೈ, ಸಿಂಗಾಪುರ ನೋಡಿ ಬಂದವರಿರಬಹುದು. ನಾನು ಹೋದದ್ದು ಭಾಂಡುಪ್‌ಗೆ. ನಗಬೇಡಿ. ಇಪ್ಪತ್ತೆರಡು ವರ್ಷ ವೆಸ್ಟರ್ನ್ ಲೈನಿನಲ್ಲಿ ಸಂಸಾರ ಮಾಡಿದವಳಿಗೆ ಸೆಂಟ್ರಲ್ ಲೈನ್ ಪರದೇಶವೇ. ನಮ್ಮ ಬಿಲ್ಡಿಂಗಿನಲ್ಲಿ ಕಾಶಿಗೆ ಹೋಗಿ ಬಂದವರು ಐದು ಮನೆಯವರಿದ್ದಾರೆ, ಭಾಂಡುಪ್‌ಗೆ ಹೋಗಿ ಬಂದವರು ಯಾರೂ ಇಲ್ಲ.

"ಪಾಸ್‌ಪೋರ್ಟ್ ತಗೊಂಡ್ರಾ?" ಎಂದು ಸುರೇಶ್ ಶೂ ಹಾಕಿಕೊಳ್ಳುತ್ತಾ ಕೇಳಿದರು.

"ನಿನ್ನ ಅಪ್ಪ ಹನ್ನೊಂದು ವರ್ಷ ಇದ್ದ ಊರು ಅದು. ತಮಾಷೆ ಬೇಡ," ಎಂದರು ಅತ್ತೆ.

ಹನ್ನೊಂದು ವರ್ಷವೂ ಅತ್ತೆ ಆ ಊರಿಗೆ ಹೋಗಲಿಲ್ಲ. ಮಾವ ಭಾಂಡುಪ್‌ನ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತಿದ್ದರು, ಅತ್ತೆ ಉಡುಪಿಯ ಕಡೆ ಅವರ ಮನೆಯಲ್ಲಿ ಭತ್ತ ಕುಟ್ಟುತ್ತಿದ್ದರು. ಭಾಂಡುಪ್ ಎಂದರೆ ಅತ್ತೆಗೆ ಇನ್‌ಲ್ಯಾಂಡ್ ಪತ್ರದ ಮೇಲೆ ಬರೆಯುವ ವಿಳಾಸ, ಅಷ್ಟೇ. ಕಾರ್ಖಾನೆ ಮುಚ್ಚಿದ ಮೇಲೆ ಮಾವ ಕಾಂದಿವಲಿಯಲ್ಲಿ ಸಂಬಂಧಿಕರ ಹೋಟೆಲಿಗೆ ಸೇರಿದರು, ಆಗ ಅತ್ತೆ ಬಂದರು. ಮಾವ ತೀರಿಕೊಂಡು ಬಹಳ ಕಾಲವಾಯಿತು. ಗೋಡೆಯ ಮೇಲಿನ ಫೋಟೋದಲ್ಲಿ ಅವರು ಬೋಳುತಲೆಯವರು. ಮದುವೆಯ ಫೋಟೋ ಒಂದು ಮಳೆಗಾಲ ಮನೆಗೆ ನೀರು ನುಗ್ಗಿದಾಗ ಗಂಜಿಯಾಗಿ ಹೋಯಿತು.

ಭಾಂಡುಪ್‌ನ ಆ ಹಳೆಯ ಕಾರ್ಖಾನೆಯ ಕಾಂಪೌಂಡ್ ಗೋಡೆಗೆ ಕಾರ್ಮಿಕರ ದೊಡ್ಡ ಚಿತ್ರ ಬರೆಯುತ್ತಿದ್ದಾರೆ, ಒಂದು ಗ್ರೂಪ್ ಫೋಟೋ ನೋಡಿ ಬರೆದ ಮುಖಗಳ ಕೆಳಗೆ ಹೆಸರು ಹಾಕುವುದಿದೆ, ಗುರುತು ಹಿಡಿಯುವ ಮನೆಯವರು ಶನಿವಾರದೊಳಗೆ ಬನ್ನಿ ಎಂದು ವಾಟ್ಸಾಪ್‌ನಲ್ಲಿ ತಿರುಗುತ್ತಿದ್ದ ಸುದ್ದಿ ನಮ್ಮವರೆಗೂ ಬಂತು. ಅಂದು ಶನಿವಾರ.

"ಆ ಪ್ರಾಯದಲ್ಲಿ ಅವರ ಮುಖ ಹೇಗಿತ್ತು ಅಂತ ನನಗೆ ಮರೆತೇ ಹೋಗಿದೆ ಮಗಾ," ಎಂದರು ಅತ್ತೆ, ಲಿಫ್ಟಿನ ಕನ್ನಡಿಯಲ್ಲಿ ತಮ್ಮದೇ ಮುಖ ನೋಡುತ್ತಾ. "ಒಮ್ಮೆ ನೋಡಿ ಬರುವ. ಮತ್ತೆ ಎಂತದೂ ಬೇಡ."

ದಾದರ್

ದಾದರಿನ ಸೇತುವೆಯೇ ಗಡಿ. ಈಚೆ ನಮ್ಮ ವೆಸ್ಟರ್ನ್, ಆಚೆ ಸೆಂಟ್ರಲ್. ಇಮಿಗ್ರೇಶನ್ ಕೌಂಟರ್ ಇಲ್ಲ, ಬದಲಿಗೆ ಎರಡು ದಿಕ್ಕಿನಿಂದ ಬರುವ ಜನ ಎದೆಗೆ ಎದೆ ಕೊಟ್ಟು ತಪಾಸಣೆ ಮಾಡುತ್ತಾರೆ. ಅತ್ತೆ ನನ್ನ ಸೆರಗಿನ ತುದಿಯನ್ನು ತಮ್ಮ ಸೆರಗಿಗೆ ಗಂಟು ಹಾಕಿದರು. ಹೀಗೆ ಮದುಮಕ್ಕಳಂತೆ ನಾವು ಸೇತುವೆ ದಾಟಿದೆವು. ಎದುರು ಬಂದ ಒಬ್ಬ ಸೂಟ್‌ಕೇಸಿನವನು ನಮ್ಮಿಬ್ಬರ ನಡುವೆ ನುಗ್ಗಲು ನೋಡಿ, ಗಂಟಿಗೆ ಸಿಕ್ಕಿ, ಒಂದು ಸುತ್ತು ತಿರುಗಿ, "ಸಾರಿ ಸಿಸ್ಟರ್" ಎಂದು ಹೋದ. ನನಗೆ ನಗು ತಡೆಯಲಾಗಲಿಲ್ಲ. ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ಬರುತ್ತಿದ್ದಂಥ ನಗು. ಹೊಟ್ಟೆಯಲ್ಲೇ ಅದುಮಿದಷ್ಟೂ ಮೂಗಿನಿಂದ ಹೊರಬರುತ್ತದೆ.

ಹೂವಿನವರ ಸಾಲಿನಲ್ಲಿ ಅತ್ತೆ ಗೊಂಡೆಹೂವಿನ ಮಾಲೆ ಕೊಂಡರು, ಭಾಂಡುಪ್‌ನ ಗೋಡೆಯ ಮೇಲಿನ ಮಾವನಿಗೆ.

"ಅತ್ತೆ, ಗೋಡೆಗೆ ಮೊಳೆ ಇರ್ತದಾ?"

"ಹಾರ ತಗೊಂಡು ಹೋಗುವವರು ಮೊಳೆ ಚಿಂತೆ ಮಾಡ್ಲಿಕ್ಕಿಲ್ಲ," ಎಂದರು.

ಕುರ್ಲಾ

ಸೆಂಟ್ರಲ್ ಲೈನಿನ ಲೇಡೀಸ್ ಡಬ್ಬಿಯಲ್ಲೂ ಫ್ಯಾನು ನಮ್ಮಲ್ಲಿಯ ಹಾಗೆಯೇ ಬಾಚಣಿಗೆಯ ತುದಿಯಿಂದ ತಿವಿದರೆ ಮಾತ್ರ ತಿರುಗುತ್ತದೆ ಎಂದು ಕಂಡು ಸಮಾಧಾನವಾಯಿತು. ನಮ್ಮಲ್ಲಿ ಹೆಂಗಸರು ಎಲ್ಲಿ ಇಳಿಯುತ್ತೀರಿ ಎಂದು ಕೇಳಿ ಸೀಟು ಕಾದಿರಿಸುತ್ತಾರೆ. ಇಲ್ಲಿಯವರು ಕೇಳುವುದೂ ಇಲ್ಲ, ಮುಖ ನೋಡಿಯೇ ತಿಳಿಯುತ್ತಾರೆ. ನನ್ನ ಮುಂದೆ ನಿಂತಿದ್ದ ಹುಡುಗಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಇವರು ಹೊಸಬರು, ದೂರ ಹೋಗ್ತಾರೆ" ಎಂದು ಗೆಳತಿಗೆ ಮರಾಠಿಯಲ್ಲಿ ಹೇಳಿ ಪಕ್ಕಕ್ಕೆ ಸರಿದಳು.

ಕುರ್ಲಾದಲ್ಲಿ ಒಬ್ಬರು ಅಜ್ಜಿ ಹತ್ತಿದರು. ಇಳಕಲ್ ಸೀರೆ, ಹಣೆಯ ಮೇಲೆ ದುಡ್ಡಿನಗಲ ಕುಂಕುಮದ ಜಾಗದಲ್ಲಿ ಹಸಿರು ಹಚ್ಚೆ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಅತ್ತೆಯ ಕೈಯಲ್ಲಿದ್ದ ಮಾಲೆಯನ್ನು ನೋಡಿ, ನಾವು ಮಾತಾಡುವುದು ಕೇಳಿ, ಕಣ್ಣರಳಿಸಿದರು.

"ಕನ್ನಡದಾರ ಏನ್ರಿ? ಸರೀರಿ ಅಕ್ಕಾರ, ಒಂದೀಟು ಜಾಗ ಕೊಡ್ರಿ."

ಎರಡು ನಿಲ್ದಾಣ ದಾಟುವುದರೊಳಗೆ ಇಬ್ಬರೂ ಹುಟ್ಟಿದಂದಿನಿಂದ ಗೆಳತಿಯರು. ಹೆಸರು ಶಾಂತವ್ವ, ವಿಜಯಪುರದ ಕಡೆಯವರು. ಮದುವೆಯಾಗಿ ಬಂದ ಮೇಲೆ ಕುರ್ಲಾದ ಚಾಳಿನಲ್ಲೇ ಬದುಕು. ಅವರು ಚೀಲದಿಂದ ಶೇಂಗಾ ಹೋಳಿಗೆ ತೆಗೆದರು, ನಮ್ಮ ಅತ್ತೆ ಗೋಳಿಬಜೆಯ ಪೊಟ್ಟಣ ಬಿಚ್ಚಿದರು. ಬೆಳಿಗ್ಗೆ ಸೋಫಾದ ಮೇಲೆ ಅವರು ಭದ್ರವಾಗಿ ಹಿಡಿದಿದ್ದದ್ದು ಅದನ್ನೇ ಎಂದು ಆಗ ಗೊತ್ತಾಯಿತು.

"ಎತ್ತ ಹೊಂಟೀರಿ?"

"ಭಾಂಡುಪ್‌ಗೆ. ಅಲ್ಲಿ ಗೋಡೆಯಲ್ಲಿ ಚಿತ್ರ ಬರೀತಿದ್ದಾರಂತೆ. ಇವಳ ಮಾವನದ್ದುಂಟು."

"ಅಯ್ಯ ಶಿವನ! ನಾನೂ ಅಲ್ಲೇ ಹೊಂಟೇನ್ರಿ! ನಮ್ಮ ಮನ್ಯಾರದೂ ಐತಿ!"

ಇಬ್ಬರೂ ಕೈ ಹಿಡಿದುಕೊಂಡರು. ಇಷ್ಟಾದರೂ ಒಬ್ಬರಿಗೊಬ್ಬರ ಗಂಡನ ಹೆಸರು ಗೊತ್ತಾಗಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಒಬ್ಬರು "ನಮ್ಮ ಮನ್ಯಾರು" ಎನ್ನುತ್ತಿದ್ದರು, ಇನ್ನೊಬ್ಬರು "ಸುರೇಶನ ಅಪ್ಪ" ಎನ್ನುತ್ತಿದ್ದರು. ನಾನು ಗಂಡನನ್ನು ಹೆಸರು ಹಿಡಿದೇ ಕರೆಯುವವಳು. ಅತ್ತೆಯ ಬಾಯಿಂದ ಮಾವನ ಹೆಸರನ್ನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ರೇಷನ್ ಕಾರ್ಡಿನ ಕಚೇರಿಯಲ್ಲೂ ಅವರು ಮಗನತ್ತ ಬೆರಳು ತೋರಿಸಿ ಸುಮ್ಮನಾಗುವವರು.

ಭಾಂಡುಪ್

ಮೊದಲ ನೋಟಕ್ಕೆ ಪರದೇಶದಲ್ಲೂ ರಿಕ್ಷಾದವರು "ಅಲ್ಲಿಗೆ ಬರೋದಿಲ್ಲ" ಎನ್ನುತ್ತಾರೆ ಎಂದು ತಿಳಿಯಿತು. ನಾಲ್ಕನೆಯವನು ಒಪ್ಪಿದ. ಮೂವರು ಹೆಂಗಸರು, ಒಂದು ಮಾಲೆ, ಎರಡು ತಿಂಡಿಯ ಪೊಟ್ಟಣ ಅವನ ರಿಕ್ಷಾದಲ್ಲಿ ತುಂಬಿಕೊಂಡೆವು.

ಆಮೇಲೆ ಗೋಡೆ ಕಂಡಿತು.

ನಾನು ಏನೋ ಪೋಸ್ಟರಿನಷ್ಟು ಇರಬಹುದು ಅಂದುಕೊಂಡಿದ್ದೆ. ಅದು ರಸ್ತೆಯ ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗೆ ಇತ್ತು. ಒಂದು ತುದಿಯಲ್ಲಿ ಹಡಗಿನಿಂದ, ರೈಲಿನಿಂದ ಟ್ರಂಕು ಹೊತ್ತು ಇಳಿಯುವವರು. ನಂತರ ಭೋಂಗಾ, ಅಂದರೆ ಪಾಳಿ ಶುರುವಾದಾಗ ಕಾರ್ಖಾನೆಯಲ್ಲಿ ಕೂಗುವ ಸೈರನ್ನು. ಅದರ ಬಾಯಿಂದ ಸದ್ದು ಬಳೆಬಳೆಯಾಗಿ ಹೊರಡುತ್ತಿತ್ತು. ಗೇಟಿನ ಮುಂದೆ ಸಭೆ, ಕೆಂಪು ಬಾವುಟಗಳ ಮೆರವಣಿಗೆ, ತಲೆಯ ಮೇಲೆ ಬುಟ್ಟಿ ಹೊತ್ತು ಅದೇ ಮೆರವಣಿಗೆಯಲ್ಲಿ ನಡೆಯುವ ಹೆಂಗಸರು. ಒಬ್ಬಳು ನಡೆಯುತ್ತಲೇ ಮಗುವಿಗೆ ಮೊಲೆಯೂಡಿಸುತ್ತಿದ್ದಳು. ಗೋಡೆಯ ಹಿಂದೆ ಮೂವತ್ತು ಮಹಡಿಯ ಹೊಸ ಟವರ್ ಎದ್ದಿತ್ತು. ಆದರೆ ನಾನು ಕತ್ತೆತ್ತಲೇ ಇಲ್ಲ. ಕಣ್ಣು ಬಿಟ್ಟುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿ, ಮತ್ತೆ ವಾಪಸು ಓಡಿ ಬಂದೆ. ನಲವತ್ತಾರು ವರ್ಷದವಳು ಫುಟ್‌ಪಾತಿನಲ್ಲಿ ಓಡುವುದನ್ನು ಭಾಂಡುಪ್‌ನ ಜನ ನೋಡಿದರು, ಏನೂ ಅನ್ನಲಿಲ್ಲ. ಒಳ್ಳೆಯ ಜನ.

ಅದನ್ನು ಬರೆಯುತ್ತಿದ್ದ ಪೇಂಟರ್ ದತ್ತಾ ಅರುವತ್ತು ದಾಟಿದವರು. ಹಿಂದೆ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದರಂತೆ. ಅವರ ಮಾತು ಮರಾಠಿ, ನಡುವೆ ಹಿಂದಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರ ಕೈಯಲ್ಲಿ ಅಂಗೈಯಗಲದ ಕಪ್ಪು ಬಿಳುಪು ಗ್ರೂಪ್ ಫೋಟೋ. ಅದರ ಮೇಲೆ ಪೆನ್ಸಿಲಿನ ಸಣ್ಣ ಚೌಕಗಳು. ಗೋಡೆಯ ಮೇಲೆ ಸೀಮೆಸುಣ್ಣದ ದೊಡ್ಡ ಚೌಕಗಳು. ಫೋಟೋದ ಒಂದು ಚೌಕದಲ್ಲಿ ಇದ್ದದ್ದು ಗೋಡೆಯ ಒಂದು ಚೌಕಕ್ಕೆ ಹೋಗುತ್ತದೆ.

"ಆಜಿ, ನನಗೆ ಮುಖ ಗೊತ್ತಿಲ್ಲ, ಚೌಕ ಗೊತ್ತು," ಎಂದರು. "ಮುಖ ನೀವು ಹೇಳಿ."

ಎರಡು ಪಾಳಿಯವರೂ ಸೇರಿ ಗೇಟಿನ ಮುಂದೆ ತೆಗೆಸಿಕೊಂಡ ಫೋಟೋ ಅದು. ಗೋಡೆಯ ಮೇಲೆ ಆಳೆತ್ತರದ ಮನುಷ್ಯರು ಮೂರು ಸಾಲು. ಎಲ್ಲರಿಗೂ ಮೀಸೆ, ಎಲ್ಲರಿಗೂ ಎಣ್ಣೆ ಹಚ್ಚಿ ಬಾಚಿದ ಕೂದಲು. ಅತ್ತೆ ಒಬ್ಬೊಬ್ಬರ ಮುಂದೆಯೂ ನಿಂತು ಕನ್ನಡಕ ಒರೆಸಿ ನೋಡಿದರು. ಎರಡನೆಯ ಸಾಲಿನ ನಡುವಿಗೆ ಬಂದಾಗ ಬೆರಳು ಚಾಚಿದರು.

"ಇವರೇ!"

"ಇವರೇರಿ!" ಎಂದರು ಶಾಂತವ್ವ.

ಎರಡು ಬೆರಳುಗಳು ಒಬ್ಬನೇ ಮನುಷ್ಯನ ಮೇಲೆ.

ಗೋಡೆಯ ಬುಡದಲ್ಲಿ

"ನೀವು ಸರಿ ನೋಡಿ ಶಾಂತವ್ವ. ಇವರು ನಮ್ಮವರು."

"ನೀವ ಸರಿ ನೋಡ್ರಿ ಅಕ್ಕಾರ. ನನ್ನ ಗಂಡನ್ನ ನಾ ಗುರ್ತು ಹಿಡಿಯೂದಿಲ್ಲೇನ?"

"ಮುಖ ಬಿಡಿ, ಎಲ್ಲರದ್ದೂ ಒಂದೇ ಹಾಗೆ ಉಂಟು. ಆ ಅಂಗಿ! ಜೇಬಿನ ಬಟನ್ ನೋಡಿ, ಉಳಿದದ್ದೆಲ್ಲ ಬಿಳಿ, ಅದೊಂದು ಕಪ್ಪು. ಅದನ್ನು ಹೊಲಿದದ್ದು ನಾನು! ರಜೆಯಲ್ಲಿ ಬಂದಾಗ ಬಟನ್ ಹಾರಿತ್ತು, ನನ್ನ ರವಿಕೆಯದ್ದು ಕಿತ್ತು ಹಾಕಿದ್ದು."

ಶಾಂತವ್ವ ಚೀಲದೊಳಗೆ ಕೈ ಹಾಕಿ, ಪಾಲಿಥೀನಿನಲ್ಲಿ ಸುತ್ತಿದ ಒಂದು ಸ್ಟುಡಿಯೋ ಫೋಟೋ ತೆಗೆದರು. ಎದೆಯವರೆಗಿನ ಚಿತ್ರ, ಹಿಂದೆ ಬಟ್ಟೆಯ ಮೇಲೆ ಬರೆದ ಸರೋವರ. ಮೀಸೆಯ ಯುವಕ. ಅದೇ ಅಂಗಿ, ಅದೇ ಜೇಬು, ಅದೇ ಕಪ್ಪು ಗುಂಡಿ.

"ಹೆಣ್ಣು ನೋಡೂ ಮುಂಚೆ ನಮ್ಮ ಊರಿಗೆ ಇದನ್ನ ಕಳಿಸಿದ್ರು. ಈ ಫೋಟೋ ನೋಡೇ ನಾ ಹೂಂ ಅಂದೀನಿ. ಈಗ ಹೇಳ್ರಿ!"

ಅತ್ತೆಯ ಮುಖ ಬಿಳಿಚಿತು. ಒಂದು ಅಂಗಿ, ಇಬ್ಬರು ಹೆಂಡತಿಯರು. ಮಾವ ಬಹಳ ಸಭ್ಯರು ಎಂದೇ ಕೇಳಿದ್ದೆ. ಭಾಂಡುಪ್ ದೂರದ ದೇಶ, ಹನ್ನೊಂದು ವರ್ಷ ಸಣ್ಣ ಕಾಲವಲ್ಲ. ಗೋಳಿಬಜೆಯ ಪೊಟ್ಟಣ ಮೆಲ್ಲಗೆ ಅತ್ತೆಯ ಚೀಲಕ್ಕೆ ವಾಪಸು ಹೋಯಿತು.

ದತ್ತಾ ನಡುವೆ ಬಂದರು. "ಜಗಳ ಆಮೇಲೆ. ನನಗೆ ಬೇಕಾದ್ದು ಹೆಸರು. ಇವರ ಹೆಸರೇನು?"

ಇಬ್ಬರೂ ನೆಲ ನೋಡಿದರು. ನಾನು ಬಾಯಿ ತೆರೆದೆ, ಅತ್ತೆ ನನ್ನ ತೋಳು ಚಿವುಟಿದರು. ಬೇರೆಯವಳು ಹೇಳುವ ಮೊದಲು ನಾವು ಹೇಳಿದರೆ ಸೋತಂತೆ ಎಂಬ ಲೆಕ್ಕವೋ, ಬೀದಿಯಲ್ಲಿ ಹೆಸರು ಬೇಡವೆಂದೋ, ನನಗೆ ತಿಳಿಯಲಿಲ್ಲ.

ದತ್ತಾರಿಗೆ ಇದು ಹೊಸದಲ್ಲ. ಮರಾಠಿ ಹೆಂಗಸರೂ ಹಾಗೇ ಅಲ್ಲವೇ? ನಕ್ಕು, "ಆಜಿ, ಉಖಾಣಾ ಹೇಳಿ, ಉಖಾಣಾ!" ಎಂದರು. ಹಾಡಿನಂಥ ಸಾಲು ಕಟ್ಟಿ, ಕೊನೆಗೆ ಗಂಡನ ಹೆಸರು ಸೇರಿಸುವುದು. ಶಾಂತವ್ವನ ಊರಲ್ಲಿ ಅದಕ್ಕೆ ಒಡಪು ಎನ್ನುತ್ತಾರೆ. ಶಾಂತವ್ವ ಸೆರಗು ಸರಿಮಾಡಿಕೊಂಡು, ಎದೆ ಉಬ್ಬಿಸಿ, ಇಡೀ ರಸ್ತೆಗೆ ಕೇಳುವಂತೆ ಶುರುಮಾಡಿದರು:

"ಜ್ವಾಳದ ರೊಟ್ಟಿಗೆ ಎಣ್ಣಿಗಾಯಿ ಪಲ್ಯ,
ಭೋಂಗಾ ಊದಿದ್ರ ನಿದ್ದಿ ಎಲ್ಲಿ ಅದ?
ಆರಡಿ ಎತ್ತರ, ಬಾಗಲಿಗೆ ಬಗ್ಗಪ್ಪ,
ನನ್ನ ಮನಿ ದೊರಿ ನಮ್ಮ ಈರಪ್ಪ!"

ರಿಕ್ಷಾದವನು ಚಪ್ಪಾಳೆ ತಟ್ಟಿದ. ಅವನಿನ್ನೂ ಹೋಗಿರಲಿಲ್ಲ.

ಅತ್ತೆ ಮಾತ್ರ ಶಾಂತವ್ವನ ಮೊಣಕೈ ಹಿಡಿದುಕೊಂಡಿದ್ದರು. "ಯಾರು? ಈರಪ್ಪನಾ? ಖೋಲಿಯ ಈರಪ್ಪನಾ? ರಾತ್ರಿ ಪಾಳಿಯ ಈರಪ್ಪನಾ?"

"ನಿಮಗ ಹೆಂಗ ಗೊತ್ತರಿ?"

"ಹನ್ನೊಂದು ವರ್ಷ ಪ್ರತಿ ಕಾಗದದಲ್ಲೂ 'ಈರಪ್ಪ ಕ್ಷೇಮ' ಅಂತ ಬರೀತಿದ್ರು ಮಾರಾಯ್ತಿ!"

ಆಗ ಎಲ್ಲ ಬಿಚ್ಚಿಕೊಂಡಿತು. ಈರಪ್ಪನವರ ಮದುವೆಯಾಗುವವರೆಗೆ ಇಬ್ಬರು ಗಂಡಸರಿಗೂ ಒಂದೇ ಖೋಲಿ, ಬಾಡಿಗೆಯ ಒಂಟಿ ಕೋಣೆ, ಒಂದೇ ಹಾಸಿಗೆ. ಒಬ್ಬರು ಹಗಲು ಪಾಳಿ, ಒಬ್ಬರು ರಾತ್ರಿ ಪಾಳಿ. ಒಬ್ಬರೆದ್ದ ಬಿಸಿಯಲ್ಲೇ ಇನ್ನೊಬ್ಬರು ಮಲಗುವುದು. ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಒಳ್ಳೆಯ ಅಂಗಿ, ಅದು ಮಾವನದ್ದು. ಮದುವೆಗೆ ಹೆಣ್ಣು ಹುಡುಕುವಾಗ ಸ್ಟುಡಿಯೋಗೆ ಹೋಗಲು ಈರಪ್ಪನವರು ಅದನ್ನು ಕೇಳಿ ಹಾಕಿಕೊಂಡಿದ್ದರು.

"ಅಂದ್ರ ನಾ ಒಪ್ಪಿದ್ದು ನಿಮ್ಮ ಗಂಡನ ಅಂಗೀನ?" ಎಂದರು ಶಾಂತವ್ವ.

"ಅಂಗಿ ಮಾತ್ರ ಅಲ್ವಾ? ಅಡ್ಡಿ ಇಲ್ಲ," ಎಂದರು ಅತ್ತೆ.

ಇಬ್ಬರೂ ಗೋಡೆಗೆ ಒರಗಿ ನಕ್ಕರು. ನಾನಂತೂ ಫುಟ್‌ಪಾತಿನಲ್ಲೇ ಕುಳಿತುಬಿಟ್ಟೆ. ದತ್ತಾ "ಗೋಡೆ ಹಸಿ ಇದೆ, ಹಸಿ ಇದೆ" ಎಂದು ಕೂಗುತ್ತಿದ್ದರು. ಶಾಂತವ್ವನ ಬೆನ್ನಿಗೆ ಒಂದು ಕೆಂಪು ಬಾವುಟ ಆಗಲೇ ಅಂಟಿತ್ತು.

ನಗು ನಿಂತ ಮೇಲೆ ಅತ್ತೆ ಮತ್ತೆ ಚಿತ್ರ ನೋಡಿದರು. ಈ ಸಲ ಅಂಗಿಯ ಮೇಲ್ಭಾಗವನ್ನಲ್ಲ, ಕೆಳಭಾಗವನ್ನು. ಅಂಗಿ ಪ್ಯಾಂಟಿನವರೆಗೆ ಮುಟ್ಟುತ್ತಲೇ ಇರಲಿಲ್ಲ. ತೋಳುಗಳು ಮಣಿಕಟ್ಟಿಗಿಂತ ಒಂದು ಗೇಣು ಮೇಲೆ. ದತ್ತಾ ಚೌಕ ನೋಡಿ ಬರೆದವರು, ಒಂದಿಷ್ಟೂ ತಿದ್ದಿರಲಿಲ್ಲ.

"ಸುರೇಶನ ಅಪ್ಪ ಕುಳ್ಳ ಜನ," ಎಂದರು ಅತ್ತೆ ನಿಧಾನವಾಗಿ. "ಇದು ಈರಪ್ಪನೇ, ಶಾಂತವ್ವ. ಅವತ್ತೂ ಅಂಗಿ ಅವನಿಗೆ ಕೊಟ್ಟಿದ್ದಾರೆ."

ಶಾಂತವ್ವ ಗೆದ್ದ ಹಾಗೆ ಕಾಣಲಿಲ್ಲ. ಅತ್ತೆಯ ಕೈಯಲ್ಲಿದ್ದ ಮಾಲೆ ಜೋತುಬಿದ್ದಿತ್ತು. ಅಷ್ಟು ದೂರ ಬಂದು, ಅಂಗಿ ಸಿಕ್ಕಿತು, ಮುಖ ಸಿಗಲಿಲ್ಲ.

"ದತ್ತಾಜಿ, ಇವರ ಹಿಂದೆ ಏನದು?" ನಾನು ಕೇಳಿದೆ. ಈರಪ್ಪನವರ ಭುಜದ ಹಿಂದೆ ಎರಡು ಚೌಕ ಖಾಲಿ ಇದ್ದವು, ಬರಿಯ ಸೀಮೆಸುಣ್ಣದ ಗೆರೆ.

"ಅದಾ? ಯಾರೋ ಅರ್ಧ ಅಡಗಿ ನಿಂತಿದ್ದಾನೆ. ಬನಿಯನ್‌ನಲ್ಲಿದ್ದಾನೆ, ನಾಚಿಕೆ ಇರಬೇಕು. ಅರ್ಧ ಮುಖ ಯಾರು ಗುರುತು ಹಿಡೀತಾರೆ? ಸಂಜೆ ಅಲ್ಲಿ ಚಿಮಣಿಯ ಹೊಗೆ ಬರೆದು ಮುಚ್ಚೋಣ ಅಂತಿದ್ದೆ."

"ಹೊಗೆ ಬೇಡ!" ಎಂದು ನಾವು ಮೂವರೂ ಒಟ್ಟಿಗೆ ಕಿರುಚಿದೆವು.

ದತ್ತಾ ಭೂತಕನ್ನಡಿ ತೆಗೆದರು. ಫೋಟೋ ನೋಡಿದರು, ಗೋಡೆ ನೋಡಿದರು, ಬ್ರಷ್ ಅದ್ದಿದರು. ಮೊದಲು ಬಂದದ್ದು ಕಿವಿ. ಬಾಗಿಲು ಅರೆ ತೆರೆದಂತೆ ಹೊರಗೆ ಚಾಚಿದ ಕಿವಿ.

"ಕಿವಿ!" ಎಂದರು ಅತ್ತೆ.

ಅದನ್ನು ನಾನು ದಿನಾ ಬೆಳಿಗ್ಗೆ ನೋಡುತ್ತೇನೆ, ಸುರೇಶ್ ಸಾಕ್ಸ್ ಹುಡುಕುವಾಗ ಸೋಫಾದ ಕೆಳಗೆ ಬಗ್ಗಿರುತ್ತದೆ. ನಂತರ ಅರ್ಧ ಮೀಸೆ ಬಂತು. ಕೊನೆಗೆ ಒಂದು ಕಣ್ಣು, ನಗುತ್ತಿತ್ತು. ಅಂಗಿ ಕೊಟ್ಟು ಬನಿಯನ್‌ನಲ್ಲಿ ಅಡಗಿ ನಿಂತವರು ನಗುತ್ತಿದ್ದರು. ಅತ್ತೆ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಶಾಂತವ್ವನನ್ನು ಹಿಡಿದು, ಆ ಕಣ್ಣು ಒಣಗುವವರೆಗೂ ಅಲ್ಲಾಡಲಿಲ್ಲ.

"ಹೆಸರು, ಆಜಿ?" ದತ್ತಾ ಮೆಲ್ಲಗೆ ಕೇಳಿದರು. "ಹೇಳದಿದ್ದರೆ ಹೊಗೆ."

ನಮ್ಮ ಕಡೆ ಒಡಪು ಇಲ್ಲ. ಅತ್ತೆ ಚಡಪಡಿಸಿದರು. ಶಾಂತವ್ವ ಕಿವಿಯಲ್ಲಿ "ಅನ್ರಿ ಅಕ್ಕಾರ, ಹೆಂಗ ಬರ್ತೈತಿ ಹಂಗ ಅನ್ರಿ" ಎಂದು ನೂಕಿದರು. ಅತ್ತೆ ಕಣ್ಣು ಮುಚ್ಚಿ, ಒಂದೇ ಉಸಿರಿಗೆ:

"ಅಂಗಿ ಕೊಟ್ಟು ಹಿಂದೆ ನಿಂತ ಜೀವ,
ಅರ್ಧ ಮುಖ ಸಾಕು ನನಗೆ… ಸಂಜೀವ!"

ಹೇಳಿ ಮುಗಿಸಿ, ನೀರಿಗೆ ಹಾರಿ ಮೇಲೆ ಬಂದವರಂತೆ ಉಸಿರು ಬಿಟ್ಟರು. ದತ್ತಾ ದೇವನಾಗರಿಯಲ್ಲಿ ಎರಡೂ ಹೆಸರು ಬರೆದರು, ಅಕ್ಕಪಕ್ಕ.

"ಇನ್ನೊಂದುಂಟು," ಎಂದರು ಅತ್ತೆ. ಈಗ ಅವರಿಗೆ ಧೈರ್ಯ ಬಂದುಬಿಟ್ಟಿತ್ತು. "ಬಟನ್ ಕಪ್ಪಲ್ಲ. ಕೆಂಪು."

ಕಪ್ಪು ಬಿಳುಪು ಫೋಟೋದಲ್ಲಿ ಕೆಂಪು ಎಲ್ಲಿಂದ ಕಾಣಬೇಕು? ದತ್ತಾ ಸೋತು, ಬಾವುಟಗಳಿಗೆ ಬಳಸಿದ ಕೆಂಪಿನ ಡಬ್ಬವನ್ನು ನನ್ನ ಕೈಗೆ ಕೊಟ್ಟು, ನೀವೇ ಹಚ್ಚಿ ಎಂದರು. ಸೀರೆ ಎತ್ತಿ ಸಿಕ್ಕಿಸಿ, ಡ್ರಮ್ಮಿನ ಮೇಲಿನ ಹಲಗೆ ಹತ್ತಿದೆ. ಕಾನ್ವೆಂಟಿನ ಡ್ರಾಯಿಂಗ್ ಸಿಸ್ಟರ್ ಯಾವಾಗಲೂ ಹೇಳುತ್ತಿದ್ದದ್ದು, ಗೆರೆಯ ಒಳಗೆ, ಮಗು, ಗೆರೆಯ ಒಳಗೆ. ಹಲಗೆ ಅಲುಗಾಡುತ್ತಿತ್ತು, ನಾನು ನಗುತ್ತಿದ್ದೆ, ಕೆಳಗೆ ಇಬ್ಬರು ಮುದುಕಿಯರು "ಇನ್ನೂ ಸ್ವಲ್ಪ!" "ಗುಂಡಗ ಹಚ್ಚವ್ವ!" ಎಂದು ಬೊಬ್ಬೆ ಹಾಕುತ್ತಿದ್ದರು. ಗೆರೆ ದಾಟಿತು. ಆ ಗುಂಡಿ ಸ್ವಲ್ಪ ಓರೆಯಾಗಿದೆ. ಭಾಂಡುಪ್‌ಗೆ ಹೋದರೆ ನೋಡಿ, ಅದು ನಾನು ಹಚ್ಚಿದ್ದು.

ಹಸಿ ಗೋಡೆಗೆ ಮಾಲೆ ಹಾಕುವಂತಿರಲಿಲ್ಲ. ಅದನ್ನು ದತ್ತಾರ ಕೊರಳಿಗೆ ಹಾಕಿದೆವು. ಅವರು ತೆಗೆಯದೆ ಕೆಲಸ ಮುಂದುವರಿಸಿದರು.

ಮತ್ತೆ ಕಾಂದಿವಲಿ

ಶಾಂತವ್ವ ಕುರ್ಲಾದಲ್ಲಿ ಇಳಿದರು, ಬೆನ್ನಿನ ಬಾವುಟ ಸಮೇತ. ದಾದರ್ ಸೇತುವೆಯಲ್ಲಿ ಈ ಸಲ ಸೆರಗಿಗೆ ಗಂಟು ಹಾಕಲು ಅತ್ತೆ ಮರೆತರು, ನನಗಿಂತ ಮುಂದೆ ನಡೆದರು.

ಸಂಜೆ ದೇವರಿಗೆ ದೀಪ ಹಚ್ಚಿ, ಗುಂಡಿ ಬರೆಯುವಾಗ ನನ್ನ ಮೂಗಿಗೆ ಅಂಟಿದ್ದ ಕೆಂಪು ಬಣ್ಣವನ್ನು ಸೀಮೆಎಣ್ಣೆಯಿಂದ ತಿಕ್ಕುತ್ತಿದ್ದಾಗ ಪಕ್ಕದ ಮನೆಯ ಲತಕ್ಕ ಕರಿಬೇವು ಕೇಳಲು ಬಂದರು. ಒಳಗೆ ಅತ್ತೆ ತರಕಾರಿ ಹೆಚ್ಚುತ್ತಾ, ಬೋಳುತಲೆಯ ಫೋಟೋಕ್ಕೆ ಕೇಳುವಷ್ಟು ಗಟ್ಟಿಯಾಗಿ ತಮ್ಮ ಎರಡು ಸಾಲನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಪ್ರತಿ ಸಲವೂ ಕೊನೆಯ ಪದ ಮಾತ್ರ ಇನ್ನಷ್ಟು ಜೋರು.

ಲತಕ್ಕ ಕರಿಬೇವಿನ ಕಡ್ಡಿ ತೆಗೆದುಕೊಂಡು, ಒಂದು ಗಳಿಗೆ ಕಿವಿಗೊಟ್ಟು, ಬಾಗಿಲು ಎಳೆದುಕೊಳ್ಳುತ್ತಾ ಕೇಳಿದರು:

"ಈ ಸಂಜೀವ ಯಾವ ಸೀರಿಯಲ್‌ನ ಹೀರೋ ಮಾರಾಯ್ತಿ? ಎಷ್ಟು ಗಂಟೆಗೆ ಬರ್ತಾನೆ?"